ಹಕ್ಕಿ ಪುಸ್ತಕ ಕೊಳ್ಳುವ ಮುಂಚೆ ಹೆಣ್ಣು ಕೋಗಿಲೆಯ ಪುಟ ತೆಗೆದು ನೋಡಿ

ಪ್ರಶ್ನೆ: ನಾನು ಸಾಗರದ ಹತ್ತಿರ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ನಮ್ಮ ಮಕ್ಕಳಿಗೆ ಹಕ್ಕಿ ನೋಡುವ ಹುಚ್ಚು ಹತ್ತಿದೆ. ಹಿಂದೆ ಶಾಲೆಗೆ ಅಂತ ದೊಡ್ಡ ಸೈಜಿನ, ಬಣ್ಣದ ಫೋಟೋಗಳಿರುವ ಹಕ್ಕಿ ಪುಸ್ತಕ ತಂದಿದ್ದೆವು. ನೋಡೋಕೆ ಬಹಳ ಚಂದ. ಆದರೆ ಹೊರಗೆ ಕಂಡ ಹಕ್ಕಿಯನ್ನು ಅದರಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ತಪ್ಪು ನಮ್ಮದೋ, ಪುಸ್ತಕದ್ದೋ? ಈಗ ಊರಿನವರೊಬ್ಬರು ಒಂದು ಪುಸ್ತಕಕ್ಕೆ ದುಡ್ಡು ಕೊಡುತ್ತೇನೆ ಅಂದಿದ್ದಾರೆ. ಎಂಥದ್ದು ತಗೋಬೇಕು? ಮೊಬೈಲ್ ಆ್ಯಪ್ ಇದ್ದರೆ ಪುಸ್ತಕವೇ ಬೇಡ ಅಂತಾರೆ, ನಿಜವಾ? ಹಳೇ ಪುಸ್ತಕದ ಅಂಗಡಿಯಲ್ಲಿ ಹಕ್ಕಿ ತಜ್ಞ ಸಲೀಂ ಅಲಿಯವರ "ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್" ಪುಸ್ತಕದ ಹಳೇ ಆವೃತ್ತಿ ಕಡಿಮೆ ಬೆಲೆಗೆ ಸಿಗುತ್ತಿದೆ. ಅದು ನಡೆಯುತ್ತಾ?

ಉತ್ತರ: ಮೇಷ್ಟ್ರೇ, ತಪ್ಪು ನಿಮ್ಮದಲ್ಲ, ಮಕ್ಕಳದ್ದೂ ಅಲ್ಲ. ಪುಸ್ತಕದ್ದು ಅಂತಲೂ ಪೂರ್ತಿ ಹೇಳೋಕಾಗಲ್ಲ. ನೀವು ತಂದದ್ದು ಕೂತು ನೋಡುವ ಪುಸ್ತಕ. ನಿಮಗೆ ಬೇಕಾಗಿದ್ದದ್ದು ಹುಡುಕುವ ಪುಸ್ತಕ. ಎರಡನ್ನೂ ಅಂಗಡಿಯಲ್ಲಿ ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ, ಅದೇ ಪಜೀತಿ.

ಹುಡುಕುವ ಪುಸ್ತಕದ ಕೆಲಸ ಏನು ಅಂತ ಸ್ವಲ್ಪ ಯೋಚನೆ ಮಾಡಿ. ಮಗು ಒಂದು ಹಕ್ಕಿ ನೋಡಿದೆ. ಮೂರು ಸೆಕೆಂಡು. ಅರ್ಧ ಎಲೆ ಮರೆ, ಬೆಳಕು ಎದುರಿಗೆ. ಬಾಲ ಉದ್ದ ಇತ್ತು, ಕಣ್ಣಿನ ಹತ್ತಿರ ಏನೋ ಬಿಳಿ ಇತ್ತು, ಅಷ್ಟೇ ನೆನಪು. ಅಷ್ಟೇ ನೆನಪು ಇಟ್ಟುಕೊಂಡು ಬಂದವರನ್ನು ಸರಿಯಾದ ಪುಟಕ್ಕೆ ಕರೆದೊಯ್ಯಬೇಕು. ಬರೀ ಹಕ್ಕಿ ಗೊತ್ತಿದ್ದರೆ ಇಂಥ ಪುಸ್ತಕ ಬರೆಯೋಕಾಗಲ್ಲ. ಓದುವವರು ಎಲ್ಲಿ ಎಡವುತ್ತಾರೆ ಅನ್ನುವುದೂ ಬರೆದವರಿಗೆ ಗೊತ್ತಿರಬೇಕು. ನಾನು ಯಾವ ಹಕ್ಕಿ ಪುಸ್ತಕ ಕೈಗೆ ಬಂದರೂ ಮೊದಲು ನೋಡುವುದು ಇದನ್ನೇ.

ನೋಡುವುದು ಹೇಗೆ? ಗೊತ್ತಿಲ್ಲದ ಹಕ್ಕಿಯ ಪುಟ ತೆಗೆಯಬೇಡಿ. ಅಲ್ಲಿ ಏನು ಬರೆದಿದ್ದರೂ ನಿಮಗೆ ಸರಿ ಅಂತಲೇ ಕಾಣುತ್ತದೆ. ದಿನಾ ನೋಡುವ ಹಕ್ಕಿಯ ಪುಟ ತೆಗೆಯಿರಿ. ನಾನು ಮೊದಲು ತೆಗೆಯುವುದು ಕೋಗಿಲೆ. ಗಂಡು ಕೋಗಿಲೆ ಕಪ್ಪು, ಕೆಂಪು ಕಣ್ಣು, ಅದು ಎಲ್ಲರಿಗೂ ಗೊತ್ತು. ಹೆಣ್ಣು ಕಂದು ಬಣ್ಣ, ಮೈತುಂಬ ಬಿಳಿ ಚುಕ್ಕಿ, ಬಾಲದಲ್ಲಿ ಅಡ್ಡಪಟ್ಟೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದವರೂ ಅದನ್ನು ಬೇರೆ ಯಾವುದೋ ಹಕ್ಕಿ ಅಂದುಕೊಳ್ಳುವುದುಂಟು. ಪುಸ್ತಕದಲ್ಲಿ ಗಂಡಿನ ಚಿತ್ರ ಮಾತ್ರ ಇದ್ದು, ಹೆಣ್ಣಿನ ಬಗ್ಗೆ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಇದ್ದರೆ ಅಲ್ಲೇ ಮುಚ್ಚಿ ಇಡಬಹುದು.

ಆಮೇಲೆ ಕೊಳದ ಬಕ. ನಿಮ್ಮೂರ ಗದ್ದೆ ಬದುವಿನಲ್ಲಿ ಬೇಕಾದಷ್ಟಿರುತ್ತವೆ. ಕೂತಿದ್ದರೆ ಮಣ್ಣಿನ ಬಣ್ಣ, ಎದೆ ಮೇಲೆ ಗೀರು ಗೀರು. ನಾಲ್ಕು ಅಡಿ ದೂರದಲ್ಲಿದ್ದರೂ ಕಾಣಲ್ಲ. ಕಾಲು ಸಪ್ಪಳಕ್ಕೆ ಎದ್ದು ಹಾರಿತು ಅನ್ನಿ, ತಟ್ಟನೆ ಬಿಳಿ ಹಕ್ಕಿ! ರೆಕ್ಕೆ, ಬಾಲ ಎಲ್ಲ ಬೆಳ್ಳಗೆ. ಮತ್ತೆ ಕೂತರೆ ಬಿಳಿ ಮಾಯ. ಮರಿ ಮಾಡುವ ಕಾಲಕ್ಕೆ ಬೆನ್ನು ಕಡು ಕಂದುಗೆಂಪಾಗಿ ತಿರುಗುತ್ತದೆ, ಆಗ ಇದು ಮೂರನೇ ಹಕ್ಕಿಯೇ ಅನ್ನಿಸುತ್ತದೆ. ಅಂದರೆ ಒಂದೇ ಹಕ್ಕಿಗೆ ಕನಿಷ್ಠ ಮೂರು ಚಿತ್ರ ಬೇಕು: ಕೂತದ್ದು, ಹಾರುವುದು, ಮರಿ ಮಾಡುವ ಕಾಲದ್ದು. ಫೋಟೋ ಪುಸ್ತಕದವರು ಸಾಮಾನ್ಯವಾಗಿ ಆ ಮೂರನೆಯದನ್ನು ಹಾಕಿಬಿಡುತ್ತಾರೆ, ಅದೇ ಚಂದ ಅಲ್ವಾ. ನಿಮ್ಮ ಮಕ್ಕಳು ಡಿಸೆಂಬರಿನಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು?

ಇನ್ನೊಂದು, ನನಗೆ ಬಹಳ ಇಷ್ಟದ ಪರೀಕ್ಷೆ: ಗರುಡನ ಮರಿ. ದೊಡ್ಡ ಗರುಡ ಯಾರಿಗೂ ತಪ್ಪುವುದಿಲ್ಲ, ಬಿಳಿ ತಲೆ, ಬಿಳಿ ಎದೆ, ಉಳಿದದ್ದು ಇಟ್ಟಿಗೆ ಬಣ್ಣ. ಆದರೆ ಗೂಡು ಬಿಟ್ಟ ಮೊದಲ ವರ್ಷ ಅದು ಪೂರ್ತಿ ಕಂದು. ಮೇಲೆ ಸುತ್ತುವಾಗ ಹದ್ದಿನ ಹಾಗೇ ಕಾಣುತ್ತದೆ. ವ್ಯತ್ಯಾಸ ಇರುವುದು ಬಾಲದಲ್ಲಿ. ಹದ್ದಿನ ಬಾಲ ತುದಿಯಲ್ಲಿ ಕವಲು, ಗರುಡನದ್ದು ದುಂಡಗೆ. ಇದರಲ್ಲೂ ಒಂದು ತೊಡಕಿದೆ. ಹದ್ದು ತಿರುಗುವಾಗ ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚುತ್ತದೆ, ಆಗ ಕವಲು ಮುಚ್ಚಿ ನೇರವಾಗಿ ಕಾಣುತ್ತದೆ. ಒಳ್ಳೆ ಪುಸ್ತಕದಲ್ಲಿ ಹದ್ದು, ಗರುಡನ ಮರಿ ಎರಡನ್ನೂ ಒಂದೇ ಪುಟದಲ್ಲಿ, ಕೆಳಗಿನಿಂದ ನೋಡಿದ ಹಾಗೆ, ಅಕ್ಕಪಕ್ಕ ಬರೆದಿರುತ್ತಾರೆ. ನಾವು ನೋಡುವುದೂ ಕೆಳಗಿನಿಂದಲೇ ತಾನೆ. ಮರಿಯ ಚಿತ್ರವೇ ಇಲ್ಲದಿದ್ದರೆ ಆ ಪುಸ್ತಕ ನಂಬಿದವರು ಊರಿನ ಎಷ್ಟೋ ಗರುಡಗಳನ್ನು ಹದ್ದಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಇಲ್ಲಿಗೇ ಫೋಟೋ ಬೇಕಾ, ಬಿಡಿಸಿದ ಚಿತ್ರ ಬೇಕಾ ಅನ್ನುವ ಮಾತು ಬರುತ್ತದೆ. ಫೋಟೋ ಅಂದರೆ ನಿಜ, ಚಿತ್ರ ಅಂದರೆ ಕಲ್ಪನೆ ಅಂತ ಜನ ಅಂದುಕೊಂಡಿದ್ದಾರೆ. ಗುರುತು ಹಿಡಿಯುವ ಕೆಲಸಕ್ಕೆ ಬಂದರೆ ಇದು ತಲೆಕೆಳಗು. ಫೋಟೋದಲ್ಲಿರುವುದು ಒಂದು ಹಕ್ಕಿ, ಒಂದು ದಿನ, ಒಂದು ಬೆಳಕು. ಸಂಜೆ ಬಿಸಿಲಿಗೆ ತೆಗೆದಿದ್ದರೆ ಬೂದು ಹಕ್ಕಿಯೂ ಹೊಂಬಣ್ಣ. ಪಕ್ಕದ ಫೋಟೋದ ಹಕ್ಕಿ ಬೇರೆ ಕಡೆ ತಿರುಗಿರುತ್ತದೆ, ಸೈಜು ಬೇರೆ. ಗುಬ್ಬಿಯೂ ಗಿಡುಗವೂ ಪುಟದಲ್ಲಿ ಒಂದೇ ಎತ್ತರಕ್ಕೆ ಕಾಣುತ್ತವೆ. ಚಿತ್ರ ಬಿಡಿಸುವವರು ನೂರು ಹಕ್ಕಿ ನೋಡಿ ಒಂದನ್ನು ಬರೆಯುತ್ತಾರೆ. ಎಲ್ಲವನ್ನೂ ಒಂದೇ ಕಡೆ ತಿರುಗಿಸಿ, ಒಂದೇ ಬೆಳಕಿನಲ್ಲಿ, ಒಂದಕ್ಕೊಂದು ಅಳತೆ ಸರಿಹೊಂದಿಸಿ ಕೂರಿಸುತ್ತಾರೆ. ಹಾಗಾಗಿ ಕಣ್ಣು ನೇರವಾಗಿ ವ್ಯತ್ಯಾಸಕ್ಕೇ ಹೋಗುತ್ತದೆ.

ಅಮೆರಿಕದ ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ತಂದ ಪುಸ್ತಕ ಹೆಸರಾದದ್ದು ಇದರಿಂದಲೇ. ಅವರು ಹಕ್ಕಿಗಳನ್ನು ತೀರಾ ಸರಳವಾಗಿ, ಪಕ್ಕದಿಂದ ಬರೆದು, ಯಾವ ಗುರುತು ನೋಡಬೇಕೋ ಆ ಜಾಗಕ್ಕೆ ಒಂದು ಸಣ್ಣ ಗೆರೆ ಎಳೆದು ತೋರಿಸಿದರು. ಪುಕ್ಕದ ಪ್ರತಿ ವಿವರ ಬರೆಯಲಿಲ್ಲ. ಏನು ಬಿಡಬೇಕು ಅಂತ ಗೊತ್ತಿತ್ತು. ಆಮೇಲೆ ಬಂದ ಕೈಪಿಡಿಗಳೆಲ್ಲ ಒಂದಲ್ಲ ಒಂದು ರೀತಿ ಆ ಗೆರೆಗೆ ಸಾಲಗಾರರು.

ಫೋಟೋ ಪುಸ್ತಕವೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಚಿಟ್ಟೆ, ಹೂವು, ಹಾವು ಇವುಗಳಿಗೆ ಎಷ್ಟೋ ಸಲ ಫೋಟೋನೇ ಚೆನ್ನಾಗಿ ಒದಗುತ್ತದೆ. ಚಿಟ್ಟೆ ರೆಕ್ಕೆ ಚಪ್ಪಟೆ, ಬಿಚ್ಚಿ ಕೂತರೆ ಇದ್ದದ್ದೆಲ್ಲ ಕಾಣುತ್ತದೆ. ಹಕ್ಕಿ ವಿಷಯ ಹಾಗಲ್ಲ.

ಚಿತ್ರ ಆಯಿತು, ಇನ್ನು ಬರಹ. ಚಿತ್ರದ ಎದುರು ಪುಟದಲ್ಲೇ ಬರಹ ಇರಬೇಕು. ಚಿತ್ರವೆಲ್ಲ ಮಧ್ಯದಲ್ಲಿ ಒಟ್ಟಿಗೆ, ವಿವರ ಹಿಂದೆಲ್ಲೋ ಇದ್ದರೆ ಗದ್ದೆ ಬದುವಿನಲ್ಲಿ ನಿಂತು ಎರಡು ಕಡೆ ಬೆರಳಿಟ್ಟುಕೊಂಡು ಒದ್ದಾಡಬೇಕಾಗುತ್ತದೆ. ಅಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಮತ್ತೆ, ಬರಹದ ಮೊದಲ ಸಾಲಿನಲ್ಲಿ ಏನಿದೆ ನೋಡಿ. "ಇದು ಒಂದು ಸುಂದರವಾದ ಹಕ್ಕಿ" ಅಂತ ಶುರುವಾದರೆ ಪುಟ ವ್ಯರ್ಥ. ಬೆಳ್ಳಕ್ಕಿಗಳನ್ನೇ ತಗೊಳ್ಳಿ. ಎಲ್ಲವೂ ಬಿಳಿ. "ಬಿಳಿ ಬಣ್ಣದ, ಉದ್ದ ಕಾಲಿನ ಹಕ್ಕಿ" ಅಂತ ನಾಲ್ಕಕ್ಕೂ ಬರೆದರೆ ಸುಳ್ಳೇನಲ್ಲ, ಉಪಯೋಗವೂ ಇಲ್ಲ. ಚಿಕ್ಕ ಬೆಳ್ಳಕ್ಕಿಗೆ ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ. ದನದ ಹಿಂದೆ ಓಡಾಡುವ ಗೋವಕ್ಕಿಗೆ ಹಳದಿ ಕೊಕ್ಕು, ಗಿಡ್ಡ ಕತ್ತು. ದೊಡ್ಡದಕ್ಕೂ ನಡುವಿನದಕ್ಕೂ ಕೊಕ್ಕಿನ ಬಣ್ಣ ಋತುವಿನ ಜೊತೆ ಬದಲಾಗುತ್ತದೆ, ಅದನ್ನು ನಂಬುವ ಹಾಗಿಲ್ಲ. ಬಾಯಿಯ ಸೀಳು ನೋಡಬೇಕು. ಅದು ಕಣ್ಣು ದಾಟಿ ಹಿಂದೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತಿದ್ದರೆ ನಡುವಿನದು. ಬರೆದವರು ನಿಜವಾಗಿ ಕೆರೆ ದಂಡೆಯಲ್ಲಿ ನಿಂತು ತಲೆ ಕೆಡಿಸಿಕೊಂಡಿದ್ದಾರಾ ಇಲ್ಲವಾ ಅನ್ನುವುದು ಇಂಥ ಒಂದು ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ.

ಅಳತೆ ಹೇಳುವ ರೀತಿಯೂ ಮುಖ್ಯ. 23 ಸೆಂಟಿಮೀಟರ್ ಅಂದರೆ ಮರದ ತುದಿಯಲ್ಲಿ ಕೂತದ್ದಕ್ಕೆ ಯಾರು ಟೇಪು ಹಿಡಿಯುತ್ತಾರೆ? ಸಲೀಂ ಅಲಿಯವರು ಇದನ್ನು ಬಹಳ ಚೆನ್ನಾಗಿ ಬಗೆಹರಿಸಿದ್ದರು. ಗುಬ್ಬಚ್ಚಿ, ಪಿಕಳಾರ, ಮೈನಾ, ಕಾಗೆ, ಹೀಗೆ ಎಲ್ಲರಿಗೂ ಗೊತ್ತಿರುವ ಕೆಲವು ಹಕ್ಕಿಗಳನ್ನು ಅಳತೆಗೋಲು ಮಾಡಿಕೊಂಡು, ಅದಕ್ಕಿಂತ ಸ್ವಲ್ಪ ದೊಡ್ಡದು, ಇದಕ್ಕಿಂತ ಸ್ವಲ್ಪ ಚಿಕ್ಕದು ಅಂತ ಬರೆದರು. ನಿಮ್ಮ ಒಂದನೇ ಕ್ಲಾಸಿನ ಮಗುವೂ ಆ ರೀತಿ ಹೇಳಬಲ್ಲದು.

ಇನ್ನು ನಕ್ಷೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಭಾರತದಲ್ಲಿ 1,300ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ, ಕರ್ನಾಟಕದಲ್ಲೇ 500ಕ್ಕೂ ಹೆಚ್ಚು. ಶಾಲೆ ಸುತ್ತಮುತ್ತ ವರ್ಷವಿಡೀ ಕಣ್ಣಿಟ್ಟರೂ ಕಾಣುವುದು ನೂರೋ ನೂರೈವತ್ತೋ. ಉಳಿದದ್ದನ್ನು ತಲೆಯಿಂದ ತೆಗೆದು ಹಾಕಿಸುವುದು ಒಳ್ಳೆ ಪುಸ್ತಕದ ಅರ್ಧ ಕೆಲಸ. ಮಂಗಟ್ಟೆ ಹಕ್ಕಿ ನೋಡಿ. ಬೂದು ಬಣ್ಣದ ಮಂಗಟ್ಟೆ ನಮ್ಮಲ್ಲಿ ಎರಡು ಬಗೆ. ಒಂದು ಬಯಲುಸೀಮೆಯದು, ಕೊಕ್ಕಿನ ಮೇಲೆ ಚೂಪಾದ ಸಣ್ಣ ಕಿರೀಟ ಇರುತ್ತದೆ. ಇನ್ನೊಂದು ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಅದಕ್ಕೆ ಕಿರೀಟ ಇಲ್ಲ. ನಿಮ್ಮ ಕಡೆ ಅಡಿಕೆ ತೋಟದ ಮೇಲಿನ ಕಾಡಿನಲ್ಲಿ ಯಾರೋ ಗಹಗಹಿಸಿ ನಕ್ಕ ಹಾಗೆ ಕೂಗುವುದು ಈ ಎರಡನೆಯದು. ಎರಡು ಪುಟ್ಟ ನಕ್ಷೆ ಅಕ್ಕಪಕ್ಕ ಇದ್ದರೆ ಮಕ್ಕಳಿಗೆ ಅರ್ಧ ನಿಮಿಷದ ಕೆಲಸ. ನಕ್ಷೆಯ ಬದಲು "ಭಾರತದಾದ್ಯಂತ ಕಾಣಸಿಗುತ್ತದೆ" ಅಂತ ಎರಡಕ್ಕೂ ಬರೆದ ಪುಸ್ತಕಗಳನ್ನೂ ನೋಡಿದ್ದೇನೆ. ಇದು ಶುದ್ಧ ಸೋಮಾರಿತನ.

ನಕ್ಷೆಯಲ್ಲಿ ಕಾಲವೂ ಇರಬೇಕು. ನವರಂಗ ಹಕ್ಕಿ ನಮ್ಮ ಕಡೆಗೆ ಬರುವುದು ಹೆಚ್ಚಾಗಿ ಚಳಿಗಾಲಕ್ಕೆ. ಮಳೆಗಾಲದಲ್ಲಿ ಅದು ಹೆಚ್ಚಾಗಿ ಮಧ್ಯ ಭಾರತದಲ್ಲಿ, ಹಿಮಾಲಯದ ತಪ್ಪಲಿನಲ್ಲಿ ಮರಿ ಮಾಡುತ್ತಿರುತ್ತದೆ. ಜುಲೈನಲ್ಲಿ ಯಾರಾದರೂ ಸಾಗರದಲ್ಲಿ ನವರಂಗ ಕಂಡೆ ಅಂದರೆ ಇನ್ನೊಂದು ಸಲ ಕೇಳಬೇಕು. ಹೆಚ್ಚಿನ ಕೈಪಿಡಿಗಳು ಚಳಿಗಾಲಕ್ಕೆ ಒಂದು ಬಣ್ಣ, ವರ್ಷವಿಡೀ ಇರುವುದಕ್ಕೆ ಇನ್ನೊಂದು ಬಣ್ಣ ಹಾಕಿರುತ್ತವೆ. ಆ ಬಣ್ಣಗಳ ಅರ್ಥ ಎಲ್ಲಿ ಬರೆದಿದ್ದಾರೆ ನೋಡಿ. ರಟ್ಟಿನ ಒಳಬದಿಯಲ್ಲಿದ್ದರೆ ಸರಿ, ಮುನ್ನುಡಿಯ ಹದಿನೆಂಟನೇ ಪುಟದಲ್ಲಿ ಹೂತಿದ್ದರೆ ಯಾರೂ ಓದಲ್ಲ.

ಇಂಡೆಕ್ಸ್ ಬಗ್ಗೆ ನನಗೆ ಸ್ವಲ್ಪ ಹಠ ಜಾಸ್ತಿ. ಕೈಪಿಡಿಗಳಲ್ಲಿ ಹಕ್ಕಿಗಳನ್ನು ವಿಜ್ಞಾನಿಗಳ ಕ್ರಮದಲ್ಲಿ ಜೋಡಿಸಿರುತ್ತಾರೆ, ಬಾತು ಕೋಳಿಗಳಿಂದ ಶುರುವಾಗಿ ಹಾಡುಹಕ್ಕಿಗಳವರೆಗೆ. ಹೊಸಬರಿಗೆ ಇದು ತಲೆಬುಡ ಗೊತ್ತಾಗಲ್ಲ. ಇದರ ಬದಲು ಬಣ್ಣದ ಪ್ರಕಾರ ಜೋಡಿಸಿದ ಪುಸ್ತಕ ಒಳ್ಳೆಯದಾ ಅಂತ ಕೇಳುತ್ತಾರೆ. ಮೊದಲ ತಿಂಗಳು ಒಳ್ಳೆಯದು. ಆಮೇಲೆ ಕೋಗಿಲೆ ದಂಪತಿ ಎರಡು ಕಡೆ ಹಂಚಿಹೋಗಿರುವುದು ಕಂಡು ಬೇಜಾರಾಗುತ್ತದೆ. ಹಳೇ ಕ್ರಮವೇ ಇರಲಿ, ಆದರೆ ಇಂಡೆಕ್ಸ್ ಗಟ್ಟಿಯಾಗಿರಲಿ. ಕೆಂಬೂತವನ್ನು ನಿಮ್ಮ ಕಡೆ ಸಂಬಾರಗಾಗೆ ಅಂತಾರೆ, ಕೆಲವರು ರತ್ನಪಕ್ಷಿ ಅಂತಾರೆ. ಮೂರರಲ್ಲಿ ಯಾವ ಹೆಸರು ಹುಡುಕಿದರೂ ಒಂದೇ ಪುಟಕ್ಕೆ ಬರಬೇಕು. ಕನ್ನಡದ ಹಕ್ಕಿ ಪುಸ್ತಕ ಸಿಕ್ಕರೆ ಇದೊಂದನ್ನು ತಪ್ಪದೆ ನೋಡಿ. ಇಂಗ್ಲಿಷ್ ಪುಸ್ತಕವಾದರೆ ಈ ಕೆಲಸ ನೀವೇ ಮಾಡಬೇಕು. ಮಕ್ಕಳ ಕೈಲೇ ಪ್ರತಿ ಪುಟದಲ್ಲೂ ಪೆನ್ಸಿಲ್ಲಿನಲ್ಲಿ ಊರಿನ ಹೆಸರು ಬರೆಸಿ. ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರಲಿ. ಪುಸ್ತಕ ಹಾಳಾಗುತ್ತದೆ ಅಂತ ಹೆಡ್‌ಮಾಸ್ಟರ್ ಗೊಣಗಿದರೆ ನನ್ನ ಹೆಸರು ಹೇಳಿ.

ಇನ್ನೊಂದು ವಿಷಯ ನಿಮಗೆ ವಿಚಿತ್ರ ಅನ್ನಿಸಬಹುದು. ಒಳ್ಳೆ ಪುಸ್ತಕ ಕೆಲವು ಕಡೆ ಕೈ ಚೆಲ್ಲುತ್ತದೆ. ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಹಸಿರು ಉಲಿಯಕ್ಕಿಗಳ ಗುಂಪಿದೆ, ಒಂದರ ಹಾಗೆ ಇನ್ನೊಂದು. ಎಲೆ ಮಧ್ಯೆ ಪುಟಪುಟ ಓಡಾಡುವಾಗ ಬರೀ ಕಣ್ಣಿನಲ್ಲಿ ಬೇರ್ಪಡಿಸುವುದು ಬಹಳ ಕಷ್ಟ, ಕೂಗು ಕೇಳಬೇಕು. ಅಲ್ಲಿ "ನೋಡಿ ಹೇಳುವುದು ಕಷ್ಟ, ಕೂಗಿನಿಂದ ಗುರುತಿಸಿ" ಅಂತ ಬರೆದಿದ್ದರೆ ಆ ಪುಸ್ತಕದ ಉಳಿದ ಪುಟಗಳನ್ನೂ ನಂಬಬಹುದು. ಎಲ್ಲಕ್ಕೂ ಸಲೀಸಾಗಿ ಉತ್ತರ ಕೊಟ್ಟಿದ್ದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಅಡುಗೆ ಪುಸ್ತಕ, ಕೈತೋಟದ ಪುಸ್ತಕಕ್ಕೂ ಇದು ನಿಜ. ಅಡುಗೆ ಪುಸ್ತಕ ಕೊಳ್ಳುವಾಗ ನಿಮಗೆ ಕಣ್ಣುಮುಚ್ಚಿ ಮಾಡಲು ಬರುವ ಸಾರಿನ ಪುಟ ತೆಗೆಯಿರಿ. ಬೇಳೆ ಬೇಯದಿದ್ದರೆ ಏನು, ಹುಳಿ ಜಾಸ್ತಿಯಾದರೆ ಏನು ಅಂತ ಒಂದು ಮಾತಾದರೂ ಇದೆಯಾ ನೋಡಿ.

ಬೈಂಡಿಂಗ್ ಬಗ್ಗೆ ಎರಡೇ ಮಾತು. ಮಧ್ಯದ ಪುಟ ಬಿಚ್ಚಿ ಬುಡದಲ್ಲಿ ದಾರ ಕಾಣುತ್ತಾ ನೋಡಿ. ಬರೀ ಅಂಟು ಹಾಕಿದ್ದಾದರೆ ಮಲೆನಾಡಿನ ಎರಡು ಮಳೆಗಾಲಕ್ಕೆ ಹಾಳೆ ಕಿತ್ತು ಬರುತ್ತದೆ. ಒಂದು ಕೈಯಲ್ಲಿ ಹಿಡಿದು ಓದೋಕಾಗದಷ್ಟು ಭಾರ ಇದ್ದರೆ ಅದು ಬೀರುವಿನಲ್ಲೇ ಉಳಿಯುತ್ತದೆ.

ಆ್ಯಪ್ ವಿಷಯ. ಬಳಸಿ, ಧಾರಾಳವಾಗಿ ಬಳಸಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಲ್ಯಾಬಿನವರ ಮರ್ಲಿನ್ ಆ್ಯಪ್ ಪುಕ್ಕಟೆ ಸಿಗುತ್ತದೆ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಕೂಗು ಕೇಳಿಸುವುದರಲ್ಲಿ ಯಾವ ಪುಸ್ತಕವೂ ಅದಕ್ಕೆ ಸಮ ಅಲ್ಲ. ಟಿಟ್ಟಿಭದ ಕೂಗನ್ನು ಇಂಗ್ಲಿಷ್ ಪುಸ್ತಕಗಳು "ಡಿಡ್ ಹಿ ಡೂ ಇಟ್" ಅಂತ ಬರೆಯುತ್ತವೆ, ಅದನ್ನು ಓದಿ ನಿಮ್ಮ ಮಕ್ಕಳಿಗೆ ಏನೂ ಹೊಳೆಯಲಿಕ್ಕಿಲ್ಲ. ಆದರೆ ಆ್ಯಪ್ ಸಾಮಾನ್ಯವಾಗಿ ಒಂದು ಹೆಸರು ಕೊಡುತ್ತದೆ, ಮಗು ಸರಿ ಅಂತ ಮುಂದೆ ಹೋಗುತ್ತದೆ. ಯಾಕೆ ಆ ಹೆಸರು, ಯಾಕೆ ಪಕ್ಕದ್ದಲ್ಲ ಅನ್ನುವ ಪ್ರಶ್ನೆ ಹುಟ್ಟುವುದೇ ಇಲ್ಲ. ಪುಸ್ತಕದಲ್ಲಿ ಒಂದು ಹಕ್ಕಿ ಹುಡುಕುವಾಗ ಅದರ ಅಕ್ಕಪಕ್ಕದ ಹತ್ತು ಹಕ್ಕಿ ಕಣ್ಣಿಗೆ ಬೀಳುತ್ತವೆ. ಮುಂದಿನ ವಾರ ಅದರಲ್ಲೊಂದು ಎದುರಿಗೆ ಬಂದಾಗ "ಇದನ್ನು ಎಲ್ಲೋ ನೋಡಿದ್ದೀನಲ್ಲ" ಅನ್ನಿಸುತ್ತದೆ. ಕಲಿಯುವುದು ಹೀಗೇ. ಜೊತೆಗೆ ನಿಮ್ಮ ಕಾಡಿನಲ್ಲಿ ಭೀಮರಾಜ ಇದ್ದಾನೆ. ಅವನು ಬೇರೆ ಹಕ್ಕಿಗಳ ಕೂಗನ್ನೆಲ್ಲ ಅಣಕಿಸುತ್ತಾನೆ. ಅವನೊಬ್ಬನೇ ಕೂತು ಕೂಗುತ್ತಿದ್ದರೆ ಆ್ಯಪು ಇನ್ಯಾರದೋ ಹೆಸರು ತೋರಿಸಿಬಿಡಬಹುದು. ತಲೆ ಎತ್ತಿ ಬಾಲದ ಆ ಎರಡು ಉದ್ದ ಎಳೆ ನೋಡಿದವರಿಗೆ ಮಾತ್ರ ವಿಷಯ ಗೊತ್ತಾಗುತ್ತದೆ.

ಹಾಗಾದರೆ ಯಾವುದು ಕೊಳ್ಳಬೇಕು? ಇಡೀ ಉಪಖಂಡದ ಪುಸ್ತಕ ಬೇಡ. ಅದರಲ್ಲಿ ಹಿಮಾಲಯದ, ಈಶಾನ್ಯದ ಹಕ್ಕಿಗಳೇ ತುಂಬಿ ಮಕ್ಕಳು ಕಳೆದುಹೋಗುತ್ತಾರೆ. ರಿಚರ್ಡ್ ಗ್ರಿಮ್ಮೆಟ್ ಮತ್ತು ಟಿಮ್ ಇನ್‌ಸ್ಕಿಪ್ ಅವರು ದಕ್ಷಿಣ ಭಾರತಕ್ಕೆ ಅಂತಲೇ ಮಾಡಿದ ಕೈಪಿಡಿ ಸಿಕ್ಕರೆ ಅದು ನಿಮಗೆ ಸರಿಯಾದದ್ದು. ಚಿತ್ರದ ಎದುರೇ ವಿವರ ಇದೆ. ಇಂಗ್ಲಿಷಿನಲ್ಲಿದೆ, ಅದೊಂದು ಕೊರತೆ. ಆದರೆ ಕೈಪಿಡಿಯನ್ನು ಮಕ್ಕಳು ಮೊದಲು ಓದುವುದು ಚಿತ್ರ, ನಕ್ಷೆ, ಅಳತೆಯಿಂದ. ಇಂಗ್ಲಿಷ್ ತಾನಾಗಿ ಹಿಂದಿನಿಂದ ಬರುತ್ತದೆ. ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಓದುವ ರುಚಿ ಹತ್ತಿಸೋಕೆ ತೇಜಸ್ವಿಯವರ "ಹಕ್ಕಿಪುಕ್ಕ" ಇದ್ದೇ ಇದೆ. ಅದನ್ನು ಲೈಬ್ರರಿಯಿಂದಲೂ ತರಬಹುದು. ಶಾಲೆಯಲ್ಲಿರುವ ಆ ದೊಡ್ಡ ಫೋಟೋ ಪುಸ್ತಕವನ್ನು ಎಸೆಯಬೇಡಿ. ಕೈಪಿಡಿಯಲ್ಲಿ ಹೆಸರು ಸಿಕ್ಕ ಮೇಲೆ ಹಕ್ಕಿಯನ್ನು ದೊಡ್ಡದಾಗಿ ತೋರಿಸೋಕೆ ಅದೇ ಬೇಕು.

ಕೊನೆಗೆ ಸಲೀಂ ಅಲಿಯವರ ಹಳೇ ಆವೃತ್ತಿ. ಆ ಪುಸ್ತಕ ಮೊದಲು ಬಂದದ್ದು 1941ರಲ್ಲಿ. ಅವರು 1987ರಲ್ಲಿ ತೀರಿಕೊಂಡ ಮೇಲೂ ತಿದ್ದಿದ ಆವೃತ್ತಿಗಳು ಬಂದಿವೆ. ಹಕ್ಕಿಯ ನಡವಳಿಕೆ, ಗೂಡು, ಆಹಾರದ ಬಗ್ಗೆ ಅವರು ಬರೆದದ್ದು ಹಳತಾಗಿಲ್ಲ. ಓದೋಕೂ ಬಹಳ ಹಿತ. ಹಳತಾಗಿರುವುದು ಹೆಸರು. ನಿಮ್ಮೂರಿನಲ್ಲಿ ಬೇಸಿಗೆಯಿಡೀ ಕುಟ್ರೂ ಕುಟ್ರೂ ಅನ್ನುವ ಬಿಳಿ ಕೆನ್ನೆಯ ಕುಟ್ರುಹಕ್ಕಿಯನ್ನು ಹಳೇ ಪುಸ್ತಕಗಳು "ಸ್ಮಾಲ್ ಗ್ರೀನ್ ಬಾರ್ಬೆಟ್" ಅನ್ನುತ್ತಿದ್ದವು, ಈಗ "ವೈಟ್ ಚೀಕ್ಡ್ ಬಾರ್ಬೆಟ್". ವಿಜ್ಞಾನದ ಹೆಸರೂ ಮೆಗಲೈಮಾ ವಿರಿಡಿಸ್ ಇದ್ದದ್ದು ಸೈಲೋಪೋಗನ್ ವಿರಿಡಿಸ್ ಆಗಿದೆ. ಗಮನಿಸಿ, ಎರಡನೇ ಪದ ಹಾಗೇ ಇದೆ. ಎಷ್ಟೋ ಹಕ್ಕಿಗಳಲ್ಲಿ ಹೀಗೇ, ಆ ಎರಡನೇ ಪದ ಹಿಡಿದು ಹುಡುಕಿದರೆ ಹಳತು ಹೊಸತು ಎರಡನ್ನೂ ಹೊಂದಿಸಬಹುದು. ಹಾಗಾಗಿ ಮೊದಲ ಪುಸ್ತಕವಾಗಿ ಬೇಡ, ಎರಡನೆಯದಾಗಿ ಖಂಡಿತ ತಗೊಳ್ಳಿ. ಒಂದು ಎಚ್ಚರ: ಹಳೇ ಪುಸ್ತಕಗಳಲ್ಲಿ ಬಣ್ಣದ ಚಿತ್ರದ ಹಾಳೆಗಳನ್ನು ಫ್ರೇಮ್ ಹಾಕಿಸೋಕೆ ಅಂತ ಕಿತ್ತುಕೊಂಡಿರುತ್ತಾರೆ. ಪುಸ್ತಕದ ಮೊದಲಲ್ಲಿರುವ ಪಟ್ಟಿಯಲ್ಲಿ ಎಷ್ಟು ಚಿತ್ರಪುಟ ಅಂತ ಬರೆದಿದೆಯೋ ಅಷ್ಟೂ ಇವೆಯಾ ಅಂತ ಎಣಿಸಿಕೊಂಡೇ ದುಡ್ಡು ಕೊಡಿ.